ಮೈ ಹಿಡಿದ ಹಟ

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ವೈದ್ಯ ಕಲಿಸುವ ಒಬ್ಬ ಗುರು. ಹೆಸರು ಪರದೇಶಪ್ಪ. ಎಲ್ಲರ ಬಾಯಲ್ಲೂ ಅಜ್ಜಾರು.

ಹುಲಿಗೆಪ್ಪ ಶಿಷ್ಯನಾಗಿ ಬಂದ ದಿನ ಗುರು ಹೇಳಿದ್ದು ಇಷ್ಟೆ:

"ಆ ಗುಡ್ಡ ಹತ್ತಿ ಓಡಿ ಬಾ."

ಓಡಿ ಬಂದ. ಎದೆ ಡವಗುಟ್ಟುತ್ತಿತ್ತು. ಮೈಯೆಲ್ಲ ತೊಯ್ದಿತ್ತು.

"ಬೆವರು ನೆಕ್ಕು. ಏನು ರುಚಿ?"

"ಉಪ್ಪು, ಅಜ್ಜಾರ."

"ಬೆವರಿಗೆ ಬಾ ಅಂತ ನೀ ಕರದಿದ್ದೇನು?"

"ಇಲ್ಲರಿ."

"ಮತ್ತ ಯಾರು ಕರದ್ರು?"

ಹುಲಿಗೆಪ್ಪ ಹಣೆ ಒರೆಸಿಕೊಂಡ. ನೆರಳಲ್ಲಿ ಕೂತ. ಉಸಿರು ತಾನಾಗಿಯೇ ಇಳಿಯಿತು. ಬೆವರು ಆರಿತು.

"ಈಗ ನಿಲ್ಲಿಸಿದವರು ಯಾರು?"

"ನಾನಲ್ಲರಿ."

"ನೀ ಮಲಗಿದ್ರೂ ಮೈ ಮಲಗೂದಿಲ್ಲ. ತನ್ನ ಹದ ತಾನ ಕಾಯತೈತಿ. ಹ್ಯಾಂಗ ಕಾಯತೈತಿ, ನೋಡು. ಔಷಧದ ಮಾತು ಆಮ್ಯಾಲ."

ವರ್ಷವಿಡೀ ನೋಡಿದ. ನಾಡಿ ನೋಡಿದ, ನಾಲಗೆ ನೋಡಿದ, ಉಚ್ಚೆಯ ಬಣ್ಣ ನೋಡಿದ. ಒಂದು ಬೇರು ಅರೆಯಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಅಂಬಿಗರ ಯಂಕೋಬ ಹೆಂಡತಿಯನ್ನು ಹೆಗಲ ಮೇಲೆ ಹೊತ್ತು ತಂದ. ಗುತ್ಯವ್ವ. ಹಿಂದಿನ ದಿನದಿಂದ ವಾಂತಿ, ಭೇದಿ. ಚಾಪೆಯ ಮೇಲೆ ಮಲಗಿಸಿದರು.

"ನೀರು," ಎಂದಳು.

"ಹನಿ ಸೈತ ಕೊಡಬ್ಯಾಡ್ರಿ," ಎಂದರು ಗುರು. "ಭೇದಿ ನಿಲ್ಲೂತನಕ ಹೊಟ್ಟಿ ಒಣಗಬೇಕು."

ಅದು ಆಶ್ರಮದ ಕಟ್ಟಳೆ. ಗುರುವಿಗೆ ಅವರ ಗುರು ಹೇಳಿದ್ದು, ಅವರಿಗೆ ಅವರ ಗುರು ಹೇಳಿದ್ದು.

ಹುಲಿಗೆಪ್ಪ ಅವಳ ಕೈ ಹಿಡಿದ. ತಣ್ಣಗಿತ್ತು. ನಾಡಿ ಎಳೆಯಂತೆ ಸಣ್ಣಗಾಗಿತ್ತು, ಓಡುತ್ತಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟ. ಮಡಿಕೆ ನಿಂತೇ ಇತ್ತು, ಇಳಿಯಲಿಲ್ಲ.

"ಉಚ್ಚಿ ಹೊಯ್ದು ಎಷ್ಟು ಹೊತ್ತಾತು?"

"ನಿನ್ನೆ ಸಂಜೀಲಿಂದ ಇಲ್ಲ," ಎಂದ ಯಂಕೋಬ.

ಹುಲಿಗೆಪ್ಪ ಎದ್ದ. ಒಲೆಯ ಮೇಲೆ ಕುದ್ದು ಆರಿದ ಗಂಜಿಯ ತಿಳಿ ಇತ್ತು. ಅದಕ್ಕೆ ಚಿಟಿಕೆ ಉಪ್ಪು ಹಾಕಿದ, ಚೂರು ಬೆಲ್ಲ ಕದಡಿದ.

"ಅದೇನು?" ಎಂದರು ಗುರು.

"ನೀರು."

"ನಾ ಏನಂದೆ?"

"ಕೊಡಬ್ಯಾಡ ಅಂದ್ರಿ. ಕೊಡತೇನಿ."

ಯಂಕೋಬ ಅಡ್ಡ ಬಂದ. "ಏ ತಮ್ಮಾ, ಹರಿಗೋಲು ಸೋರಿದ್ರ ನಾವು ನೀರು ಹೊರಗ ಚೆಲ್ಲತೀವಿ. ನೀ ಒಳಗ ಸುರೀತೀಯಲ್ಲ."

"ನಿನ್ನ ಹೇಣತಿ ಹರಿಗೋಲಲ್ಲಪ, ಹೊಳಿ. ಬತ್ತಾಕ ಹತ್ಯಾಳ. ಸರಿ ಅತ್ಲಾಗ."

ಯಂಕೋಬ ಗುರುವಿನ ಮುಖ ನೋಡಿದ. ಗುರುವಿನ ಧ್ವನಿ ಏರಲಿಲ್ಲ.

"ಇದು ನನ್ನ ಗುರುವಿನ ಮಾತು, ಹುಲಿಗೆಪ್ಪ."

"ನಿಮ್ಮ ಗುರು ಇಕಿ ಚರ್ಮ ಚಿವುಟಿ ನೋಡಿಲ್ಲರಿ."

"ನೀ ಏನು ನೋಡಿದಿ?"

"ಉಚ್ಚಿ ನಿಂತೈತಿ. ಉಳಿದ ನೀರು ಹೊರಗ ಬಿಡವಲ್ದು ಮೈ. ಕೈಕಾಲು ತಣ್ಣಗಾಗ್ಯಾವ. ಅಲ್ಲಿ ರಕ್ತ ಕಡಿಮಿ ಮಾಡಿ ಗುಂಡಿಗಿ, ಮಿದುಳು ಕಾಯಾಕ ಹತ್ತೈತಿ. ರಕ್ತ ಕಡಿಮಿ ಐತಿ, ಅದಕ್ಕ ಗುಂಡಿಗಿ ಎರಡು ಪಟ್ಟು ಬಡಕೊಳ್ಳತೈತಿ. ಇಷ್ಟು ಹಟ ಹಿಡದು ಬದುಕಾಕ ನೋಡತೈತಿ, ನೀರು ಬೇಕು ಅಂತ ಬಾಯಿ ಬಿಟ್ಟು ಕೇಳತೈತಿ. ಅದನ್ನ ಬಿಟ್ಟು ಸತ್ತವರ ಮಾತು ನಾ ಯಾಕ ಕೇಳಲಿ?"

"ಉಪ್ಪು ಯಾಕ?"

"ನೀವ ನೆಕ್ಕಿಸಿದ್ರಲ್ಲರಿ. ಮೈಯಾಗಿನ ನೀರು ಸಪ್ಪಗಿಲ್ಲ."

ಗುರು ಬಾಗಿಲ ಕಡೆ ಕೈ ತೋರಿದರು.

"ನನ್ನ ಮಾತು ಮೀರಿದವಗ ಇಲ್ಲಿ ಜಾಗ ಇಲ್ಲ. ಹೋಗು."

"ಹೋಗತೇನ್ರಿ. ಕುಡಿಸಿ ಹೋಗತೇನಿ."

ಯಂಕೋಬ ದಾರಿ ಬಿಟ್ಟ. ಹುಲಿಗೆಪ್ಪ ಗುತ್ಯವ್ವನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಒಂದು ಚಮಚ ಹಾಕಿದ. ಇನ್ನೊಂದು. ಮೂರನೆಯದಕ್ಕೆ ಎಲ್ಲ ಕಕ್ಕಿದಳು.

"ನೋಡಿದ್ಯಾ?" ಎಂದರು ಗುರು.

"ನೋಡಿದೆ. ಅವಸರ ಮಾಡಿದೆ."

ಬಾಯಿ ಒರೆಸಿದ. ತುಸು ತಡೆದ. ಮತ್ತೆ ಒಂದು ಚಮಚ. ಈ ಸಲ ಎಣಿಸುತ್ತ ಕೂತ. ನೂರು ಎಣಿಸಿದ ಮೇಲೆ ಇನ್ನೊಂದು. ಅದು ಉಳಿಯಿತು.

ಹೊತ್ತು ನೆತ್ತಿಗೆ ಬಂತು. ಗುರು ಕಂಬಕ್ಕೆ ಒರಗಿ ಕೂತಿದ್ದರು. ಊಟಕ್ಕೆ ಏಳಲಿಲ್ಲ. ಹೋಗು ಎಂದು ಮತ್ತೆ ಹೇಳಲೂ ಇಲ್ಲ.

ಹೊತ್ತು ಇಳಿಯುವಾಗ ಗುತ್ಯವ್ವ ಕಣ್ಣು ಬಿಟ್ಟಳು. ಗಂಡನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಅಂದಳು. ಯಂಕೋಬ ಅವಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದ. ಬರುವಾಗ ಮುಖ ಅರಳಿತ್ತು.

"ಹೊಯ್ದಳ್ರಿ, ಅಜ್ಜಾರ. ಲಗ್ನದ ದಿನಾನೂ ನನಗ ಇಷ್ಟು ಖುಷಿ ಆಗಿರಲಿಲ್ಲ."

"ಬಾಯಿ ಮುಚ್ಚು," ಎಂದಳು ಗುತ್ಯವ್ವ.

ಹುಲಿಗೆಪ್ಪ ಅವಳ ಚರ್ಮ ಚಿವುಟಿದ. ಮಡಿಕೆ ಇಳಿಯಿತು. ಅವನು ಮೂಲೆಯಲ್ಲಿದ್ದ ತನ್ನ ಕಂಬಳಿ ಸುತ್ತಿ ಬಗಲಿಗಿಟ್ಟ.

"ಎಲ್ಲಿಗೆ?" ಎಂದರು ಗುರು.

"ನೀವ ಹೋಗು ಅಂದ್ರಿ."

"ಅಂದಿದ್ದೆ."

ಗುರು ಚಾಪೆಯನ್ನೇ ನೋಡುತ್ತಿದ್ದರು.

"ಇಲ್ಲೇ ಇದ ಭೇದಿಗೆ ಏಳು ಮಂದಿ ಸತ್ರು. ಎಲ್ಲಾರೂ ನೀರು ಕೇಳಿದ್ರು."

"ಆವಾಗ ನೀವೇನು ಮಾಡಿದ್ರಿ?"

"ಕಟ್ಟಳಿ ನಡಸಿದೆ."

ಹುಲಿಗೆಪ್ಪ ಹೊಸ್ತಿಲಲ್ಲೇ ನಿಂತ.

ಗುರು ಮಂಡಿಗೆ ಕೈ ಊರಿ ಎದ್ದು ಬಂದರು. ಗುತ್ಯವ್ವನ ತಲೆಯ ಬಳಿ ಬರಿ ನೆಲದ ಮೇಲೆ ಕೂತರು. ಗಂಜಿಯ ಬಟ್ಟಲು ಎಳೆದುಕೊಂಡರು. ಚಮಚ ಅದ್ದಿದರು.

"ಎಷ್ಟು ಹೊತ್ತಿಗೊಮ್ಮಿ ಹಾಕಬೇಕು? ಕಲಿಸು."