ಜಾಲತಾಣ ಕಾಯ್ದ ಇಬ್ಬರು

“ಗುರುಗಳೇ, ಎಲ್ಲ ಸಿದ್ಧತೆ ಮಾಡಿದ ಮೇಲೂ ಭಯ ಏಕೆ ಹೋಗುವುದಿಲ್ಲ?” ಎಂದು ರುದ್ರೇಶ ಕೇಳಿದ.

ಅವನು ಒಂದು ಸಂಸ್ಥೆಯ ಜಾಲತಾಣಕ್ಕೆ ಸರ್ವರ್‌ಗಳ ಯೋಜನೆ ಮಾಡುತ್ತಿದ್ದ. ಅದರ ನಕ್ಷೆಯನ್ನು ಗುರುಗಳ ಮುಂದೆ ಹಾಸಿದ್ದ. ಗುರುಗಳು ಆ ವಿದ್ಯೆಯನ್ನು ಮೂವತ್ತು ವರ್ಷ ಕಲಿಸಿದವರು. ನಕ್ಷೆಯನ್ನು ಪೂರ್ತಿ ನೋಡಿ, ಮಡಚಿ ಪಕ್ಕಕ್ಕಿಟ್ಟು, ಈ ಕತೆ ಹೇಳಿದರು.

ಒಂದು ಊರಿನಲ್ಲಿ ರಕ್ತಭಂಡಾರವಿತ್ತು. ಬಹಳ ಅಪರೂಪದ ಗುಂಪಿನ ರಕ್ತ ಉಳ್ಳವರ ಹೆಸರು, ಫೋನ್ ನಂಬರುಗಳನ್ನು ಅದು ಆಸ್ಪತ್ರೆಗಳಿಗಾಗಿ ಒಂದು ಜಾಲತಾಣದಲ್ಲಿ ಇಟ್ಟಿತ್ತು. ಅಂಥ ರಕ್ತ ಬೇಕಾದಾಗ ವೈದ್ಯರು ಅಲ್ಲಿ ಹುಡುಕಿ ದಾನಿಯನ್ನು ಕರೆಸುತ್ತಿದ್ದರು. ಜಾಲತಾಣ ಒಂದು ಗಂಟೆ ನಿಂತರೆ ಎಲ್ಲೋ ಒಂದು ಜೀವ ಹೋಗಬಹುದಿತ್ತು.

ಅದರ ವ್ಯವಸ್ಥೆಯನ್ನು ವಾರಿಜಾ ಎಂಬ ಇಂಜಿನಿಯರ್‌ಗೆ ವಹಿಸಿದರು. ಆಕೆ ಕೆಲಸ ಬಲ್ಲವಳು. ಎರಡು ದೊಡ್ಡ ಕಂಪ್ಯೂಟರ್ ತರಿಸಿದಳು. ಒಂದೊಂದರ ಒಳಗೂ ತಂತ್ರಾಂಶದಿಂದ ಮೂರು ಮೂರು ವರ್ಚುವಲ್ ಸರ್ವರ್‌ಗಳನ್ನು ರೂಪಿಸಿದಳು. ಅವು ಬೇರೆ ಬೇರೆ ಯಂತ್ರಗಳಂತೆಯೇ ಕೆಲಸ ಮಾಡುತ್ತಿದ್ದವು. ಒಂದೊಂದರಲ್ಲೂ ಇನ್ನೂ ಮೂರಕ್ಕೆ ಜಾಗವಿದ್ದರೂ ತುಂಬಲಿಲ್ಲ. ಒಂದು ಕಂಪ್ಯೂಟರ್ ಕೆಟ್ಟರೆ ಅದರ ಭಾರವನ್ನು ಇನ್ನೊಂದು ಹೊರಬೇಕಲ್ಲ. ದಾನಿಗಳ ಮಾಹಿತಿಯನ್ನು ಕೂಡಿಡಲು ಸ್ಟೋರೇಜ್ ಎಂಬ ಎರಡು ಯಂತ್ರ ಇಟ್ಟಳು. ಒಂದರಲ್ಲಿ ಸೇರಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಸೇರುತ್ತಿತ್ತು. ಕರೆಂಟಿಗೂ ಎರಡು ದಾರಿ ಮಾಡಿದಳು.

ಒಂದನ್ನು ಮಾತ್ರ ತನ್ನ ಕೈಯಲ್ಲಿ ಉಳಿಸಿಕೊಂಡಳು. ಮೊದಲ ಸ್ಟೋರೇಜ್ ಕೆಟ್ಟಾಗ ಎರಡನೆಯದಕ್ಕೆ ಬದಲಾಯಿಸುವ ತೀರ್ಮಾನವನ್ನು ಯಂತ್ರಕ್ಕೆ ಬಿಡಲಿಲ್ಲ. ಯಂತ್ರ ಎಡವಿದರೆ ಹೊಸ ದಾನಿಗಳ ಹೆಸರು ಅಳಿದುಹೋದೀತೆಂದು ಹೆದರಿದಳು.

ಹಾಗಾಗಿ ಎರಡು ವರ್ಷ ಊರು ಬಿಡಲಿಲ್ಲ. ತಂಗಿಯ ಮದುವೆಯಲ್ಲಿ ಧಾರೆಯ ಹೊತ್ತಿಗೂ ಫೋನ್ ಕೈಯಲ್ಲಿತ್ತು. ಸ್ನಾನಕ್ಕೆ ಹೋದರೆ ತಾಯಿ ಅದನ್ನು ಹಿಡಿದು ಬಾಗಿಲ ಹೊರಗೆ ನಿಲ್ಲಬೇಕಿತ್ತು.

ಭಂಡಾರದಲ್ಲಿ ರಕ್ತ ಪರೀಕ್ಷೆ ಮಾಡುವ ಇಮಾಮಸಾಬ ಎಂಬ ಹಿರಿಯರಿದ್ದರು. ಒಂದು ದಿನ ಯಂತ್ರಗಳ ಕೋಣೆ ನೋಡಲು ಬಂದರು. ವಾರಿಜಾ ಒಂದೊಂದನ್ನೂ ತೋರಿಸಿ ವಿವರಿಸಿದಳು. ಅವರು ಎಲ್ಲವನ್ನೂ ಕೇಳಿಸಿಕೊಂಡರು.

“ಎಲ್ಲವೂ ಎರಡೆರಡು ಇವೆ ಮೇಡಂ. ನೀವು ಮಾತ್ರ ಒಬ್ಬರೇ ಇದ್ದೀರಲ್ಲ,” ಎಂದರು.

ಮರುದಿನವೇ ಆಕೆ ತನಗೆ ಗೊತ್ತಿದ್ದುದನ್ನು ಬರೆಯಲು ಕೂತಳು. ನಲವತ್ತು ಪುಟವಾಯಿತು. ಅದನ್ನು ಓದಿಕೊಂಡು ಸ್ಟೋರೇಜ್ ಬದಲಾಯಿಸಿ ತೋರಿಸಬೇಕೆಂದು ಇಮಾಮಸಾಬರನ್ನೇ ಕೇಳಿಕೊಂಡಳು. ಇದು ತಮ್ಮ ವಿದ್ಯೆಯಲ್ಲ ಎಂದು ಅವರು ಹಿಂಜರಿದರು. ರಕ್ತದ ಗುಂಪು ತಪ್ಪದಂತೆ ಒಂದೊಂದೇ ಹೆಜ್ಜೆ ನೋಡಿ ನಡೆಯುವ ಕೈ ನಿಮ್ಮದು, ನನಗೆ ಅಂಥ ಕೈಯೇ ಬೇಕು ಎಂದು ಹೇಳಿ ಒಪ್ಪಿಸಿದಳು. ಅವರ ಹಿಂದೆ ಸುಮ್ಮನೆ ನಿಂತು ನೋಡಿದಳು. ಅವರು ಮೂರನೆಯ ಸಾಲಿನಲ್ಲೇ ಅರ್ಥವಾಗದೆ ನಿಂತರು. ಅವರು ನಿಂತಲ್ಲೆಲ್ಲ ಆಕೆ ತಿದ್ದಿ ಬರೆದಳು. ನಲವತ್ತು ಪುಟ ಆರಕ್ಕಿಳಿಯಿತು. ಕೊನೆಗೆ ಒಂದು ಭಾನುವಾರ, ಆಸ್ಪತ್ರೆಗಳಿಗೆ ಮೊದಲೇ ತಿಳಿಸಿ, ದಾನಿಗಳ ಪಟ್ಟಿಯನ್ನು ಕಾಗದದಲ್ಲಿ ತೆಗೆದಿಟ್ಟು, ಮೊದಲ ಸ್ಟೋರೇಜನ್ನು ನಿಜವಾಗಿಯೂ ನಿಲ್ಲಿಸಿದಳು. ಇಮಾಮಸಾಬರು ಆರು ಪುಟಗಳನ್ನು ಓದುತ್ತ ಓದುತ್ತ ಕೆಲಸ ಮುಗಿಸಿದರು. ಜಾಲತಾಣ ಮತ್ತೆ ನಡೆಯಿತು.

ಕೆಲವು ತಿಂಗಳ ನಂತರ ವಾರಿಜಾಳಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ತಾಯಿ ಫೋನನ್ನು ಆಸ್ಪತ್ರೆಯ ಕಪಾಟಿನಲ್ಲಿ ಬಚ್ಚಿಟ್ಟರು. ಎರಡನೆಯ ದಿನ ಭಂಡಾರದ ಮೊದಲ ಸ್ಟೋರೇಜ್ ಕೆಟ್ಟು ಜಾಲತಾಣ ನಿಂತಿತು. ಆಗ ಬೇರೊಂದು ಊರಿನಲ್ಲಿ ಆಗಷ್ಟೇ ಹೆರಿಗೆಯಾದ ಹೆಣ್ಣುಮಗಳಿಗೆ ರಕ್ತಸ್ರಾವ ನಿಂತಿರಲಿಲ್ಲ. ಅವಳದು ಆ ಅಪರೂಪದ ಗುಂಪು. ಅಲ್ಲಿನ ವೈದ್ಯರು ಭಂಡಾರಕ್ಕೆ ಫೋನ್ ಮಾಡಿದರು. ಇಮಾಮಸಾಬರು ಕನ್ನಡಕ ಹಾಕಿಕೊಂಡು ಆರು ಪುಟಗಳನ್ನು ತೆಗೆದರು. ಹದಿನೇಳು ನಿಮಿಷದಲ್ಲಿ ಎರಡನೆಯ ಸ್ಟೋರೇಜ್ ಕೆಲಸಕ್ಕೆ ಬಂತು. ಒಬ್ಬರ ಹೆಸರೂ ಕಳೆದಿರಲಿಲ್ಲ. ಸಿಕ್ಕಿದ ದಾನಿ ಬಸ್ ಕಂಡಕ್ಟರ್. ಡ್ಯೂಟಿ ಬಿಟ್ಟು ಓಡಿ ಬಂದ. ಬಾಣಂತಿ ಉಳಿದಳು.

ಐದನೆಯ ದಿನ ಇಮಾಮಸಾಬರು ನೋಡಲು ಬಂದು ಹೇಳಿದಾಗಲೇ ವಾರಿಜಾಳಿಗೆ ಇದೆಲ್ಲ ತಿಳಿದದ್ದು. ಮೊದಲು ಅವಳ ಮುಖ ಬಾಡಿತು.

“ನನ್ನನ್ನು ಒಂದು ಮಾತೂ ಕೇಳಲಿಲ್ಲವೇ?”

“ಕೇಳುವಂಥದ್ದು ಏನೂ ಇರಲಿಲ್ಲ ಮೇಡಂ. ನಾಲ್ಕನೆಯ ಪುಟದಲ್ಲಿ ಒಂದು ಅಕ್ಷರ ತಪ್ಪಿತ್ತು, ತಿದ್ದಿದ್ದೇನೆ.”

ಆಕೆಗೆ ನಗು ಬಂತು. ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡೇ ನಕ್ಕಳು. ನಗುವಾಗ ಕಣ್ಣು ತುಂಬಿತು. ಅವರು ಹೋದ ಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ಎಷ್ಟೋ ಕಾಲದ ಮೇಲೆ ಬಂದ ನಿದ್ದೆ. ಊಟಕ್ಕೆ ಎಬ್ಬಿಸಲು ತಾಯಿ ಮೂರು ಸಲ ಕೂಗಬೇಕಾಯಿತು. ಮನೆಗೆ ಹೊರಡುವವರೆಗೂ ಆಕೆ ಫೋನ್ ಎಲ್ಲಿ ಎಂದು ಕೇಳಲಿಲ್ಲ.

ಗುರುಗಳು ನಕ್ಷೆಯನ್ನು ಶಿಷ್ಯನ ಕೈಗೆ ಕೊಟ್ಟರು.

“ರುದ್ರೇಶ, ಇದನ್ನು ನಡೆಸಬಲ್ಲ ಇನ್ನೊಬ್ಬರ ಹೆಸರು ಹೇಳು.”

ರುದ್ರೇಶ ನಕ್ಷೆ ಬಿಚ್ಚಿ, ಮೂಲೆಯಲ್ಲಿ ತನ್ನ ಹೆಸರು ಬರೆದು, ಅದರ ಕೆಳಗೆ ಇನ್ನೊಂದು ಹೆಸರಿಗೆಂದು ಖಾಲಿ ಗೆರೆ ಎಳೆದ.