ಓರಗೆಕಲ್ಲಿನ ದಿಬ್ಬ

ಮುದ್ದನಕೆರೆಯ ಏರಿಯಾಚೆ, ಜಾಲಿಮರಗಳ ನಡುವಿನ ದಿಬ್ಬದ ಮೇಲೆ ಎರಡು ವೀರಗಲ್ಲುಗಳು ಸರಿಸಮವಾಗಿ ನಿಂತಿವೆ. ಊರವರು ಇದನ್ನು ಓರಗೆಕಲ್ಲಿನ ದಿಬ್ಬ ಎನ್ನುತ್ತಾರೆ. ಒಂದೇ ವಯಸ್ಸಿನವರು, ಒಂದೇ ಎತ್ತರದವರು, ಒಂದೇ ಸಾಲಿನಲ್ಲಿ ನಿಲ್ಲತಕ್ಕವರು ಓರಗೆಯವರು. ಅಣ್ಣತಮ್ಮಂದಿರ ಕೈಹಿಡಿದ ಹೆಣ್ಣುಗಳು ಓರಗಿತ್ತಿಯರಾದದ್ದೂ ಆ ಮಾತಿನಿಂದಲೇ ಎಂದು ಹಿರಿಯರು ಹೇಳುತ್ತಾರೆ. ಅರ್ಥ ಹೇಳುವುದು ಸುಲಭ. ಆ ಮಾತನ್ನು ಉಳಿಸಿಕೊಳ್ಳಲು ಇಲ್ಲೊಬ್ಬಳು ತನ್ನದನ್ನೇ ಕಳೆದುಕೊಂಡಳು.

ಹಿಂದೆ ಒಮ್ಮೆ, ಗಾವುಂಡರು ಊರಾಳುತ್ತಿದ್ದ ಕಾಲದಲ್ಲಿ, ಕಳ್ಳರು ಊರ ದನಗಳನ್ನೆಲ್ಲ ಹೊಡೆದುಕೊಂಡು ಹೊರಟರಂತೆ. ಗಾವುಂಡನ ಪಡೆಯಲ್ಲಿದ್ದ ಮಾಚ ಕತ್ತಿ ಹಿಡಿದು ಅಡ್ಡ ನಿಂತ; ದನ ಕಾಯುವ ಅವನ ತಮ್ಮ ಕೇತ ಕೈಲಿದ್ದ ದೊಣ್ಣೆಯನ್ನೇ ಬೀಸಿದ. ದನಗಳು ಹಿಂದಿರುಗಿದವು, ಅಣ್ಣತಮ್ಮಂದಿರು ಹಿಂದಿರುಗಲಿಲ್ಲ. ಗಾವುಂಡ ಮಾಚನಿಗೆ ಮೂರು ಅಂತಸ್ತಿನ ಕಲ್ಲು ಕಡೆಸಿದ: ಕೆಳಗೆ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ತುದಿಯಲ್ಲಿ ಶಿವನೆದುರು ಕೈಮುಗಿದು ಕೂತ ಮಾಚ. ಕೇತನಿಗೆ ಎರಡೇ ಅಂತಸ್ತು. ದೊಣ್ಣೆ ಹಿಡಿದು ಸತ್ತವನಿಗೆ ಕೈಲಾಸವೇಕೆ ಎಂದನಂತೆ. ಆ ಗಾವುಂಡನ ಹೆಸರು ಈಗ ಯಾರಿಗೂ ನೆನಪಿಲ್ಲ, ಇರಬೇಕಾಗಿಯೂ ಇಲ್ಲ.

ಕಲ್ಲಿಗೆ ಮೊದಲ ನೀರು ಎರೆಯಬೇಕಾದವಳು ಮಾಚನ ಹೆಂಡತಿ ಬೊಪ್ಪವ್ವ. ತುದಿಯಲ್ಲಿ ಕಡೆದ ಕೈಲಾಸಕ್ಕೆ ನೀರು ಬಿದ್ದರೆ ಸತ್ತವನು ಅಲ್ಲಿಗೆ ಸೇರುತ್ತಾನೆ ಎಂಬುದು ಆಗಿನ ನಂಬಿಕೆ. ಬೊಪ್ಪವ್ವನೂ ನಂಬಿದವಳೇ. ಕೊಡ ಹೊತ್ತು ದಿಬ್ಬ ಹತ್ತಿದವಳಿಗೆ ಗಿಡ್ಡ ಕಲ್ಲಿನ ಬಳಿ ತಲೆ ತಗ್ಗಿಸಿ ನಿಂತ ಕೇತನ ಹೆಂಡತಿ ಸಾತವ್ವ ಕಂಡಳು. ಬೊಪ್ಪವ್ವನಿಗೆ ಸಿಟ್ಟು ನೆತ್ತಿಗೇರಿತು. ಕೊಡ ಕೆಳಗಿಳಿಸಿ, ಮೈದುನನ ಕಲ್ಲೂ ಇಷ್ಟೇ ಎತ್ತರವಾಗಲಿ, ಆಮೇಲೆ ನೀರು ಎಂದಳು. ನೀರೆರೆಯುವುದನ್ನು ನೋಡಲು ಬಂದಿದ್ದ ಗಾವುಂಡ ನಕ್ಕು, ಕಡೆದ ಕಲ್ಲು ಇನ್ನು ಬೆಳೆಯುವುದುಂಟೇ ಎಂದು ಹಂಗಿಸಿದ.

ಬೊಪ್ಪವ್ವ ಗಂಡನ ಕಲ್ಲಿನ ತುದಿ ನೋಡಿದಳು. ಮಾಚ ಅಲ್ಲಿ ನೆಮ್ಮದಿಯಾಗಿ ಕೂತಿದ್ದ. ಮೀಸೆ ಕೂಡ ಅವನದೇ. ಅವಳಿಗೆ ಅಳು ಬಂತು. ಅಳುತ್ತಲೇ, ಸುತ್ತಿಗೆ ಹಿಡಿದು ಅಲ್ಲೇ ನಿಂತಿದ್ದ ಕಲ್ಲುಕುಟಿಗನಿಗೆ, ಅದು ಬೆಳೆಯದಿದ್ದರೆ ಇದನ್ನು ಇಳಿಸು, ಮೇಲಿನದನ್ನು ಹೊಡೆದುಹಾಕು ಎಂದಳು. ಅದು ನಿನ್ನ ಗಂಡನ ಕೈಲಾಸ ಕಣೇ ಎಂದು ಗಾವುಂಡ ಗದರಿದ.

"ತಮ್ಮನ್ನ ಹೊರಗೆ ನಿಲ್ಸಿ ತಾನು ಒಳಗೆ ಕೂರೋ ಗಂಡ್ಸಲ್ಲ ಅವ್ನು, ಒಡೆಯಾ. ನೀವು ಅವನ ಕತ್ತಿ ಕಂಡಿದೀರಿ. ನಾನು ಅವನ ಜೊತೆ ಬಾಳ್ವೆ ಮಾಡಿದೀನಿ."

ಕಲ್ಲುಕುಟಿಗ ಗಾವುಂಡನ ಮುಖ ನೋಡುತ್ತ ಕದಲದೆ ನಿಂತ. ಬೊಪ್ಪವ್ವ ಅವನ ಸುತ್ತಿಗೆ ಕಿತ್ತುಕೊಂಡಳು. ಅಕ್ಕಾ ಬೇಡ ಎಂದು ಸಾತವ್ವ ಕೈಹಿಡಿದರೂ ಕೇಳದೆ ಹೊಡೆದಳು, ತುದಿ ಉರುಳುವವರೆಗೂ ಹೊಡೆದಳು. ಗಾವುಂಡ ಬೆನ್ನು ತಿರುಗಿಸಿ ಹೋದ. ಓರಗಿತ್ತಿಯರಿಬ್ಬರೂ ಒಂದೇ ಕೊಡ ಹಿಡಿದು ಎರಡೂ ಕಲ್ಲಿಗೆ ನೀರೆರೆದರು.

ಇಂದಿಗೂ ಬಲಗಡೆಯ ಕಲ್ಲಿನ ನೆತ್ತಿ ಅಂಕುಡೊಂಕಾಗಿದೆ. ದೇವಕನ್ಯೆಯರು ವೀರನನ್ನು ಎತ್ತಿಕೊಂಡು ಹೊರಟಿದ್ದಾರೆ, ಅವರ ಮೇಲೆ ಬರೀ ಆಕಾಶವಿದೆ. ನೋಡಲು ಬಂದವರು ಇದನ್ನು ಯಾವ ಶತ್ರು ಮುರಿದ ಎಂದು ಕೇಳಿದರೆ ಊರ ಹೆಂಗಸರಿಗೆ ರೇಗುತ್ತದೆ.

"ಶತ್ರು ಯಾಕೆ ಮುರೀತಾನೆ? ಹೆಂಡ್ತಿ ಇಳಿಸಿದ್ದು."