ಹಿತ್ತಲಲ್ಲಿ ಕಂಡ ಕಾಲು

"ಒಬ್ಬನ ಕಾಲು ಆಡುವುದನ್ನು ಕಣ್ಣಾರೆ ಕಂಡೆ. ಆದರೂ ನಡೆಯಲಾರೆ ಎನ್ನುತ್ತಾನೆ. ಅಂಥವನು ಕಳ್ಳನಲ್ಲವೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ತೆಂಗು ಹತ್ತುವವನು ಮರದಿಂದ ಬಿದ್ದ. ಬೆನ್ನಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಜೀವವೇ ಇಲ್ಲದಂತಾಯಿತು. ಪಾಪ ಎಂದು ಊರಿನವರು ಮನೆಗಿಷ್ಟು ರಾಗಿ ಹಾಕಿದರು. ಹಾಕಿದ್ದನ್ನು ಮರೆಯುವ ಊರು ಯಾವುದಿದೆ?

ವೈದ್ಯ ಬಂದು ನೋಡಿದ. "ಹೊರಡು, ನಿಲ್ಲು, ಬೀಳಬೇಡ ಎನ್ನುವುದು ತಲೆ. ಎಡಗಾಲಾದ ಮೇಲೆ ಬಲಗಾಲು ಎತ್ತಿಸುವುದು ಬೆನ್ನುಹುರಿಯ ನರಕೋಶಗಳು. ತಲೆಯ ಮಾತು ಈಗ ಕೆಳಗಿಳಿಯುತ್ತಿಲ್ಲ. ಆದರೆ ಆ ಕೋಶಗಳು ಸತ್ತಿಲ್ಲ. ಎತ್ತಿ ಹಿಡಿದು ಪಾದಕ್ಕೆ ನೆಲ ತಾಗಿಸುತ್ತಿರಿ. ನಡಿಗೆಯನ್ನು ಅವು ನೆನೆಸಿಕೊಂಡಾವು. ಮುಂದೆ ತಲೆಯ ಮಾತೂ ಇಳಿದೀತು" ಎಂದ.

ಹೆಂಡತಿ ಒಂದು ಕಂಕುಳು ಹಿಡಿದಳು, ಮೈದುನ ಇನ್ನೊಂದು. ದಿನವೂ ಬೆಳಗಾಗುತ್ತಲೇ ಹಿತ್ತಲಲ್ಲಿ ನಡೆಸಿದರು. ಒಂದು ದಿನ ಎಡಗಾಲು ತಾನೇ ಎದ್ದಿತು. ಹಿಂದೆಯೇ ಬಲಗಾಲು.

"ಯಾಕೇ ಅಳ್ತೀಯ? ಏನಾಯ್ತು?" ಎಂದ ಗಂಡ. ಕಾಲು ಎದ್ದದ್ದು ಅವನಿಗೇ ತಿಳಿದಿರಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ. ಕೋಳಿಗಿಂತ ಮುಂಚೆ ಎದ್ದು ಪರರ ಹಿತ್ತಲು ನೋಡುವುದು ಆಕೆಯ ವ್ರತ. ಬಿಸಿಲೇರುವುದರೊಳಗೆ ಸುದ್ದಿ ಊರು ಸುತ್ತಿತು. ಅವನು ನಡೆಯುತ್ತಾನಂತೆ! ಜಗುಲಿಯಲ್ಲಿ ಹೆಣ, ಹಿತ್ತಲಲ್ಲಿ ಕುಣಿತ! ಅಷ್ಟು ಬೆಳಿಗ್ಗೆ ಅತ್ತಿಗೆಯ ಹತ್ತಿರ ಮೈದುನನಿಗೇನು ಕೆಲಸವೋ! ಉಪ್ಪಿಲ್ಲದೆ ಸಾರು ರುಚಿಸುವುದೇ?

ಊರೇ ಹಿತ್ತಲಿಗೆ ಬಂತು. ಹೆಂಡತಿ, ಮೈದುನ ಎಂದಿನಂತೆ ಕಂಕುಳು ಹಿಡಿದರು. ನಡೆಸಿ ತೋರಿಸಿದರು. ಕಾಲುಗಳು ಒಂದಾದ ಮೇಲೊಂದು ಎದ್ದವು.

"ಈಗ ಕೈ ಬಿಡಮ್ಮ" ಎಂದ ಊರಗೌಡ.

"ಬಿಟ್ರೆ ಬೀಳ್ತಾರೆ ಗೌಡ್ರೇ. ತಲೆ ಮಾತು ಇನ್ನೂ ಕಾಲಿಗೆ ಮುಟ್ಟಿಲ್ಲ."

"ರಾಗಿಮುದ್ದೆ ಅಂದ್ರೆ ಮಾತ್ರ ಬಾಯಿಗೆ ಮುಟ್ಟುತ್ತೇನೋ?" ಎಂದಳು ಮುದುಕಿ.

ಎಲ್ಲರೂ ನಕ್ಕರು. ಹೆಂಡತಿ ಗಂಡನ ಕಡೆ ನೋಡಿದಳು. ಹಿಡಿತ ಇನ್ನಷ್ಟು ಬಿಗಿಯಾಯಿತು.

"ಬಿಡೇ. ಕಳ್ಳ ಅನ್ನಿಸಿಕೊಂಡು ಬದುಕೋದಕ್ಕಿಂತ ಬೀಳೋದೇ ವಾಸಿ" ಎಂದ ಅವನು.

ಅವಳು ಬಿಟ್ಟಳು. ಮೈದುನನೂ ಬಿಟ್ಟ.

ಅವನು ಬಿದ್ದ. ತೊಡೆಯ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಅವನೊಬ್ಬ ಮಾತ್ರ ಕೂಗಲಿಲ್ಲ. ಅವನಿಗೆ ನೋವೇ ಆಗಲಿಲ್ಲ.

"ಹಾಗಾದರೆ ಮುದುಕಿ ಹೇಳಿದ್ದು ಸುಳ್ಳೇ?" ಎಂದು ಶಿಷ್ಯ ಮೆಲ್ಲಗೆ ಕೇಳಿದ.

ಗುರುಗಳು ಹೇಳಿದರು: "ಕಾಲು ಆಡಿದ್ದು ನಿಜ. ಆದರೆ ಕಂಕುಳು ಹಿಡಿದ ಕೈಗಳ ವಿಷಯ ಆಕೆ ಹೇಳಲಿಲ್ಲ, ನೀನೂ ಹೇಳಲಿಲ್ಲ."